ಒಂಬತ್ತು ಕಾಲು

ಬಂದರಿನ ಗಲ್ಲಿಯಲ್ಲಿ ಪುತ್ತುಬಾವನ ಅಂಗಡಿ.
ಮಿಕ್ಸಿ, ಮೀನು ಬೋಟಿನ ವಯರ್‌ಲೆಸ್ಸು, ನಡುವೆ
ನನ್ನ ಡಿಸ್ಟಾರ್ಷನ್ ಪೆಡಲು, ಅಂಗಾತ.
ನಾಲ್ಕು ತಿರುಪು ಬಿಚ್ಚಿ ಮೂಸಿದ.
'ತೆಂಗಿನ ಹಾಲಾ?'

ಹೌದು. ಬಜಾಲಿನಲ್ಲಿ ವೆನಿಶಾಳ ರೋಸ್,
ಮದುಮಗಳ ತಲೆಗೆ ಹೊಯ್ದದ್ದು
ಅರ್ಧ ನನ್ನ ಕಾಲಬುಡಕ್ಕೆ.
ಆಮೇಲೆ ಒಂದೇ ಸಮ ಗೊಗ್ಗರು ದನಿ,
ಎಷ್ಟು ತುಳಿದರೂ ನಿಲ್ಲದು.
ನಾನು ಇನ್ನೂ ತುಳಿದೆ.

ಹಾಲಿನದಲ್ಲ ತಪ್ಪು, ಅಂದ.
ಇದು ಹತ್ತು ವರ್ಷದ ಕಡಲ ಗಾಳಿ:
ಸ್ವಿಚ್ಚಿನ ಒಂಬತ್ತು ಕಾಲಿಗೂ ಹಸಿರು ಕಿಲುಬು.
ಮುರಿದ ಕಾಲೊಂದು ಮಾತ್ರ ನಿನ್ನದು.

ಸೀಸದ ಹೊಗೆ. ಬ್ರಶ್ಶು. ಹೊಸ ಸ್ವಿಚ್ಚು.
ಅದರ ಕುತ್ತಿಗೆಗೆ ಸೈಕಲ್ ಟ್ಯೂಬಿನ ಉಂಗುರ,
ಒಳಗೆ ಚಪ್ಪಲಿ ಡಬ್ಬಿಯಲ್ಲಿ ಸಿಕ್ಕಿದ ಸಿಲಿಕಾ ಪೊಟ್ಟಣ,
ನೆತ್ತಿಗೆ ಸೋಡಾ ಬಾಟಲಿಯ ಮುಚ್ಚಳ.

ಗಿಟಾರು ತರುತ್ತೇನೆಂದರೆ ಬೇಡವೆಂದ.
ಎಡಗಿವಿ ಐಸ್ ಪ್ಲಾಂಟಿನಲ್ಲೇ ಹೋಗಿದೆ,
ಬಲಗಿವಿಗೆ ರೇಡಿಯೋ ಸಾಕು.
ಹೆಬ್ಬೆರಳಿಟ್ಟು ಒಮ್ಮೆ ಅದುಮಿದ.
ಟಕ್ ಎಂದದ್ದು ಅವನಿಗೆ
ಉಗುರಿನಲ್ಲಿ ಕೇಳಿಸಿತು.

'ಇನ್ನೂರೈವತ್ತು. ಇನ್ನು ಬೂಟು ಬಿಚ್ಚಿ ನುಡಿಸು.'

ಶನಿವಾರ ಕುಲಶೇಖರದಲ್ಲಿ ಬರಿಗಾಲಲ್ಲಿ ನಿಂತೆ.
ಪಲ್ಲವಿ ಮುಗಿಯುವ ಹೊತ್ತಿಗೆ ಮೆಲ್ಲಗೆ ಒತ್ತಿದೆ.
ಮುಚ್ಚಳದ ಹಲ್ಲು
ಹೆಬ್ಬೆರಳನ್ನು ಕಚ್ಚಿತು.