ಹಾಳ್ಯಾಗ ಇಲ್ಲದ ಸಾಲು

ಮೈಕಿನ ಮುಂದ ನನಗ ಮೂರು ನಿಮಿಷ.
ಅದಕ್ಕ ಮೊದಲು ಸಾಹೇಬರು ಅಂಕಿ-ಸಂಖ್ಯೆ ಓದತಾರ,
ಆಮ್ಯಾಲೆ ಶಾಲು, ಹಾರ, ಫೋಟೊ,
ಆಮ್ಯಾಲೆ ‘ಕ್ಷಯ ಗೆದ್ದ ಮಹಿಳೆ
ಶ್ರೀಮತಿ ಪೀರಮ್ಮ, ಕೌಲ್ ಬಜಾರ್’ ಅಂತ ಕೂಗತಾರ.
ಗೆದ್ದಾಕಿ ಅಂತ.
ಸೆರಗು ಸರಿ ಮಾಡಿಕೊಂಡು ಏಳತೀನಿ.

ಹಾಳಿ ಅವರ ಟೈಪ್ ಮಾಡಿ ಕೊಟ್ಟಾರ:
‘ಎರಡು ವಾರ ಕೆಮ್ಮಿತ್ತು. ಕಫ ಪರೀಕ್ಷೆ ಮಾಡಿಸಿದೆ.
ಆರು ತಿಂಗಳು ತಪ್ಪದೆ ಗುಳಿಗೆ ನುಂಗಿದೆ.
ಈಗ ಆರೋಗ್ಯವಾಗಿದ್ದೇನೆ.’
ಇಸ್ತ್ರಿ ಹೊಡದ ಪ್ಯಾಂಟಿನಂಗ, ಒಂದು ಸುಕ್ಕಿಲ್ಲ.
ಹದಿನಾರು ವರ್ಷ ಜೀನ್ಸ್ ಹೊಲದಾಕಿ ನಾನು,
ಹೊಳ್ಳಿಸಿ ನೋಡಿದರ ಒಳಗ
ಎಷ್ಟು ದಾರ ಜೋತಾಡತಾವು, ನನಗ ಗೊತ್ತು.

ಎರಡು ವಾರ ಅಲ್ರಿ, ನಾಕು ತಿಂಗಳು ಕೆಮ್ಮಿದ್ದೆ.
ಶೆಡ್ಡಿನ್ಯಾಗ ಎಲ್ಲಾರೂ ಕೆಮ್ಮತಿದ್ರು.
ನೀಲಿ ದೂಳು ಮೂಗಿನಾಗ, ರೆಪ್ಪಿ ಮ್ಯಾಲ,
ಕಾಗದದ ಪೊಟ್ಟಣದ ಒಗ್ಗರಣಿ ಮಂಡಕ್ಕಿ ಮ್ಯಾಲ.
ಉಗುಳಿದರ ಕಫನೂ ನೀಲಿ.
ಅದರಾಗ ಕೆಂಪು ಕಂಡ ದಿನ
ಹೊಸಾ ಲಾಟಿನ ದಾರ ಬಣ್ಣ ಬಿಟ್ಟೈತಿ ಅಂದುಕೊಂಡೆ.

ಮೊದಲನೆ ಸಭಾದಾಗ ಇದನ್ನ ಹೇಳಿದ್ದೆ.
ಎಸ್ತರ್ ಮೇಡಂ ಒಳ್ಳೆ ಹುಡುಗಿ,
ಸ್ವಂತ ರೊಕ್ಕದಾಗ ಮಿರ್ಚಿ ತಿನಿಸತಾಳ.
ಜೀಪಿನ್ಯಾಗ ಮೆತ್ತಗ ಅಂದಳು:
‘ಶೆಡ್ಡಿನ ಮಾತು ಬ್ಯಾಡಮ್ಮಾ,
ಬ್ಯಾನರಿಗೆ ಅವರ ರೊಕ್ಕ ಕೊಟ್ಟಾರ.’
ಮುಂದ ಗಂಡ ನನ್ನ ತಾಟು ಬ್ಯಾರೆ ಇಟ್ಟದ್ದೂ ಹೋತು,
ಮಂದಿ ಅಂಜತಾರಂತ.
ಅದರ ಹಿಂದ ಮಾಬುನ್ನಿ ಹೋದಳು.

ಮಾಬುನ್ನಿ ಹೋದದ್ದು ಅದು ಎರಡನೆ ಸಲ.

ಪಕ್ಕದ ಮಶೀನು ಆಕಿದು. ಆಕಿ ಜೇಬು ಹಚ್ಚತಿದ್ದಳು, ನಾ ಜಿಪ್ಪು.
ಒಂದ ವಾರದಾಗ ಇಬ್ಬರಿಗೂ ಗುಳಿಗಿ ಸುರು.
ಗುಳಿಗಿ ನುಂಗಿದ ಮರುದಿನ
ಉಚ್ಚಿ ಕೆಂಪಾತು.
ಕುಂಕುಮ ಕದಡಿದ ನೀರಿನಂಗ.
ನಾ ನರ್ಸಮ್ಮಗ ಕೇಳಿದೆ. ಆಕಿ ನಕ್ಕಳು:
‘ಗುಳಿಗಿ ಬಣ್ಣಬೇ ಅದು, ರಗತ ಅಲ್ಲ.’
ಮಾಬುನ್ನಿ ಯಾರಿಗೂ ಕೇಳಲಿಲ್ಲ.
ಆಕಿ ಹೋದ ದಿನ ಕಿಟಕ್ಯಾಗ ಗಂಡಸು ಕುಂತಿದ್ದ.
ಒಳಗಿಂದ ಕರಗಿ ಹೊಂಟೀನಿ ಅಂದುಕೊಂಡು
ಗುಳಿಗಿ ಪಟ್ಟಿ ಅಕ್ಕಿ ಡಬ್ಬಿ ತಳಕ್ಕ ಹುಗದಳು.
ಮಣ್ಣು ಕೊಟ್ಟು ಬಂದ ಮ್ಯಾಲೆ ಆಕಿ ಮಗಳು ಡಬ್ಬಿ ಬರಿದು ಮಾಡಿದಳು.
ನಾ ಎಣಿಸಿದೆ. ಯಾಕ ಎಣಿಸಿದೆನೋ.

‘ಅದೂ ಬ್ಯಾಡಮ್ಮಾ’ ಅಂದಳು ಎಸ್ತರ್ ಮೇಡಂ,
‘ವೇದಿಕಿ ಮ್ಯಾಲ ಉಚ್ಚಿ ಮಾತು ಹ್ಯಾಂಗ ಆಡಾದು,
ಮತ್ತ ಸತ್ತವರ ಕತಿ ಕೇಳಿದರ ಯಾರು ಆಸ್ಪತ್ರಿಗೆ ಬರತಾರ?’
ಖರೆ ಐತಿ.
ಸತ್ತಾಕಿಗೆ ಶಾಲು ಹೊದಿಸಾಕ ಬರಂಗಿಲ್ಲ.

ಹೋದ ಗುರುವಾರ ತೆಕ್ಕಲಕೋಟೆ.
ಹಾಳಿ ಓದಿದೆ. ಚಪ್ಪಾಳಿ ಬಿದ್ದವು.
ನೀರಿನ ಟಾಕಿ ಹತ್ರ ಒಬ್ಬ ಹಮಾಲಿ,
ತೋಳಿನ ಕೂದಲಿಗೆ ಭತ್ತದ ತೌಡು ಹತ್ತಿತ್ತು,
ನಳದ ಕಡೆ ನೋಡಿಕೋತ ಕೇಳಿದ:
‘ಯಕ್ಕಾ, ಗುಳಿಗಿ ತಗೊಂಡ್ರ... ನಿನಗೂ...
ಬಣ್ಣ...’
ಮುಂದ ಬಾಯಿ ಬರಲಿಲ್ಲ.
ಅಂಗಿ ಜೇಬಿನ್ಯಾಗ ಪಟ್ಟಿ ಚೂಪಗ ಕಾಣತಿತ್ತು.
‘ಹೂಂನಪ್ಪಾ, ಕೆಂಪು’ ಅಂದೆ. ‘ಕೋರ್ಸ್ ಮುಗಿಯೋತನಕ ಕೆಂಪು.’
‘ಖರೇನಾ?’
‘ಖರೇ.’
ನಳ ಬಂದ್ ಮಾಡಾದು ಮರತು ಹಂಗ ನಿಂತ.

ಇವತ್ತು ಕುರುಗೋಡು. ಅದ ಹಾಳಿ, ಅದ ಶಾಲು.
ಎಸ್ತರ್ ಮೇಡಂ ಗಡಿಯಾರ ತೋರಿಸತಾಳ.
ಹಾಳಿಯನ್ನ ಪ್ಯಾಂಟಿನ ಅಂಚಿನಂಗ
ಒಳಗ ಎರಡು ಸಲ ಮಡಚತೀನಿ.
‘ನನ್ನ ಹೆಸರು ಪೀರಮ್ಮ. ಗುಳಿಗಿ ನುಂಗಿದ ಮರುದಿನ
ನನ್ನ ಉಚ್ಚಿ ಕೆಂಪಾಗಿತ್ತು.’

ಹುಡುಗರು ಕಿಸಕ್ಕಂತ ನಗತಾರ. ಸಾಹೇಬರು ಮೊಬೈಲ್ ನೋಡಕೋತ ಕುಂದರತಾರ.
ನಗಲಿ.
ಕಡೀ ಸಾಲಿನ್ಯಾಗ ಕಂಬಕ್ಕ ಆತು ನಿಂತಾಕಿ ಒಬ್ಬಾಕಿ
ನಗವಲ್ಲಳು.
ಉಳಿದ ಎರಡೂವರಿ ನಿಮಿಷ
ಆಕಿ ಒಬ್ಬಾಕಿಗೆ ಮಾತಾಡತೀನಿ.