ಐದಿಂಚು

ಕಾಂಪೌಂಡು ಕಟ್ಟುವ ದಿನ ದಸ್ತಗೀರ್ ಮೇಸ್ತ್ರಿಗೆ ಹೇಳಿದೆ:
ಹಿಂದಿನ ಗೋಡೆಯ ತಳದ ವರಸೆಯಲ್ಲಿ ಅರ್ಧ ಇಟ್ಟಿಗೆ ಬಿಡು.
ನೀರು ಹೋಗೋಕಾ ಅಮ್ಮ, ಅಂದ.
ಅರಸೀಕೆರೆಯಲ್ಲಿ ಯಾವ ನೀರಪ್ಪ, ಅಂದೆ.
ಮತ್ತೆ ಯಾಕೆ?
ಹೇಳಲು ನನ್ನ ಬಳಿ ಸರಿಯಾದ ಹೆಸರಿರಲಿಲ್ಲ.

ಮುಳ್ಳುಹಂದಿ ಅಂದರೆ ಜನ ಗೆಣಸಿನ ಹೊಲ ನೆನೆಯುತ್ತಾರೆ,
ಕೋವಿ, ಗೇಣುದ್ದದ ಕಪ್ಪುಬಿಳಿ ಮುಳ್ಳು.
ಇದು ಅದಲ್ಲ. ಇದು ಬೊಗಸೆಯಷ್ಟು.
ನನ್ನಜ್ಜಿ ಮುಳ್ಳಿಲಿ ಅನ್ನುತ್ತಿದ್ದಳು. ಇಲಿಯೂ ಅಲ್ಲ.
ಹೆಸರನ್ನು ಇಬ್ಬರ ಹತ್ತಿರ ಸಾಲ ತಂದಿದೆ,
ಸಾಲ ಕೊಟ್ಟವರಿಬ್ಬರೂ ನೆಂಟರಲ್ಲ.

ಮೊದಲ ಸಲ ಕಂಡದ್ದು ಎರಡನೇ ಪಾಳಿ ಮುಗಿಸಿ ಬಂದ ರಾತ್ರಿ.
ಜಂಕ್ಷನ್ನಿನಲ್ಲಿ ಗೂಡ್ಸ್ ಡಬ್ಬಿಗಳು ಕೊಕ್ಕೆಗೆ ಕೊಕ್ಕೆ ಬಡಿಯುತ್ತಿದ್ದವು.
ದಾಸವಾಳದ ಬುಡದಲ್ಲಿ, ಒಣಗಿದೆಲೆಗಳ ಒಳಗಿಂದ
ನಮ್ಮ ಉಬ್ಬಸದ ವಾರ್ಡಿನದೇ ಸದ್ದು.
ಟಾರ್ಚು ಹಿಡಿದೆ. ಮುಖ ಒಳಗೆಳೆದುಕೊಂಡಿತು,
ಚುಚ್ಚುಮದ್ದಿಗೆ ಹೆದರಿದ ಹುಡುಗ
ತೋಳನ್ನು ಅಂಗಿಯೊಳಗೆ ಎಳೆದುಕೊಳ್ಳುವ ಹಾಗೆ.
ಇಲ್ಲಿ ಮಾತ್ರ ಸೂಜಿಗಳೆಲ್ಲ ಹುಡುಗನ ಕಡೆ.

ಅಂದಿನಿಂದ ತರಗೆಲೆ ಗುಡಿಸಿ ಸುಡುವುದು ಬಿಟ್ಟೆ.
ಗೆದ್ದಲಿನ ಪುಡಿಯ ಪೊಟ್ಟಣ ಅಂಗಡಿಗೆ ವಾಪಸು ಕೊಟ್ಟೆ;
ಶೆಟ್ಟರು ದುಡ್ಡು ಕೊಡಲಿಲ್ಲ, ಎರಡು ಸೋಪು ಕೊಟ್ಟರು.
ತೆಂಗಿನ ಸಸಿಗೆ ತೋಡಿಸಿದ ಗುಂಡಿಯಲ್ಲಿ
ಹಳೆಯ ಮಂಚದ ಹಲಗೆಯೊಂದನ್ನು ಓರೆಯಾಗಿಟ್ಟೆ,
ಬಿದ್ದರೆ ಹತ್ತಿ ಬರಲಿ.
ಹಾಲಿಟ್ಟದ್ದು ತಪ್ಪು. ಬೆಳಿಗ್ಗೆ ಅಂಗಳವೇ ಹೇಳಿತು.
ಈಗ ಬರೀ ನೀರು, ಉಪ್ಪಿನಕಾಯಿ ಜಾಡಿಯ ಮುಚ್ಚಳದಲ್ಲಿ.
ಬಿರುಬೇಸಿಗೆಯಲ್ಲಿ ಅದೂ ಹಾಗೇ ಉಳಿಯುತ್ತದೆ,
ಭರಣಿ ಮಳೆ ಒಂದು ಹನಿಸಲಿ, ರಾತ್ರಿ ಮುಚ್ಚಳ ಓರೆ.

ಹಿಂದಿನ ಮನೆಯ ಹಾಲಮ್ಮ ಒಂದು ಸಂಜೆ
ಗೋಣಿಚೀಲ ಹಿಡಿದೇ ಬಂದಳು.
ಮೊಮ್ಮಗ ತೀರ್ಥೇಶನಿಗೆ ನಾಯಿಕೆಮ್ಮು.
'ಅದರ ಮುಳ್ಳು ಸುಟ್ಟು ಜೇನಲ್ಲಿ ಕಲಸಿ ನೆಕ್ಕಿಸಿದ್ರೆ ನಿಲ್ತೈತಂತೆ,
ನಿಮ್ಮ ಹಿತ್ತಿಲಲ್ಲಿ ಐತಂತಲ್ಲ, ಸಿಸ್ಟರಮ್ಮ.'
ಇಲ್ಲ ಅಂದೆ. ಸುಳ್ಳು.
ಕಂಡೇ ಇಲ್ಲ ಅಂದೆ. ಇನ್ನೊಂದು.
ಇಪ್ಪತ್ತಾರು ವರ್ಷ ಮಕ್ಕಳ ತೋಳು ಹಿಡಿದವಳಿಗೆ
ಆ ಚೀಲದ ಬಾಯಿ ನೋಡಲಾಗಲಿಲ್ಲ.
ಮಗುವನ್ನು ಕರೆತಾ, ಕಾರ್ಡೂ ತಾ, ಎಂದೆ.
ಒಂದೂವರೆ ವರ್ಷದ ಚುಚ್ಚುಮದ್ದಿನ ಚೌಕ ಖಾಲಿ.
ಅದೂ ಒಂದು ಕಂಡಿಯೇ. ಕೆಮ್ಮು ನುಸುಳುವಷ್ಟು.

ಡಾಕ್ಟರ ಹತ್ತಿರ ಮದ್ದು ಬರೆಸಿಕೊಟ್ಟೆ. ಆರು ವಾರ ಹಿಡಿಯಿತು.
ಅಷ್ಟೂ ರಾತ್ರಿ ಬೇಲಿಯಾಚೆ ಹುಡುಗ ಕೆಮ್ಮುತ್ತಿದ್ದ,
ಈಚೆ ಎಲೆಯಡಿಯಲ್ಲಿ ಇದು ಬುಸುಗುಡುತ್ತಿತ್ತು,
ನಡುವೆ ಮಲಗಿ ನಾನು
ಮದ್ದು ಸೋತರೆ ನಾಳೆ ಯಾರ ಕಡೆ ನಿಲ್ಲುತ್ತೇನೆಂದು
ಎಣಿಸುತ್ತಿದ್ದೆ. ಉತ್ತರ ಗೊತ್ತಿತ್ತು.
ಅದಕ್ಕೇ ನಿದ್ದೆ ಬರಲಿಲ್ಲ.

ಆಮೇಲೆ ಬೇಲಿ ಹೋಗಿ ಗೋಡೆ.
ಎಷ್ಟಗಲ ಬಿಡಲಿ, ಎಂದ ಮೇಸ್ತ್ರಿ ಕರಣೆ ಎತ್ತಿ.
ಐದಿಂಚು. ನಾಯಿ ಬರಬಾರದು, ಅದು ಬರಬೇಕು.
ಅದು ಅಂದರೆ?
ಅದು, ಅಂದೆ.
ಅವನು ನಕ್ಕು, ಕಂಡಿಯ ಅಂಚಿಗೆ ಗಾರೆ ಬಳಿದು
ಹೆಬ್ಬೆರಳಿನಿಂದ ನುಣುಪು ಮಾಡಿದ, ಬೆನ್ನು ತರಚಬಾರದೆಂದು.
ಲೆಕ್ಕದ ಚೀಟಿಯಲ್ಲಿ ಅರ್ಧ ಇಟ್ಟಿಗೆ ಕಳೆದಿದ್ದ.

ಮೊನ್ನೆ ಮುಸ್ಸಂಜೆ ಬಗ್ಗಿ ನೋಡಿದೆ,
ಕಂಡಿಯಲ್ಲಿ ಜೇಡ ಬಲೆ ಕಟ್ಟಿತೋ ಏನೋ ಎಂದು.
ಆಚೆಯಿಂದ ಒಂದು ಕಣ್ಣು.
ಮಣ್ಣಿಗೆ ಕೆನ್ನೆ ಒತ್ತಿ ಮಲಗಿದ್ದಾನೆ ತೀರ್ಥೇಶ.
'ಸಿಸ್ಟರಮ್ಮ, ಈಗಷ್ಟೇ ನಿಮ್ಮ ಕಡೆಗೆ ಹೋಯ್ತು.'
ಏನೋ ಅದು?
ಕಣ್ಣು ಅತ್ತಿತ್ತ ನೋಡಿತು. ಪಿಸುದನಿ:
'ಯಾರು ಕೇಳಿದ್ರೂ ಏನೂ ಇಲ್ಲ ಅನ್ನು
ಅಂದವ್ಳೆ ನಮ್ಮಜ್ಜಿ.'