ಎರಡನೇ ಶನಿವಾರ

ವಿನೋಬನಗರ. ಹೊಲಿಗೆ ತರಬೇತಿ ಕೇಂದ್ರದ ಮಹಡಿ.
ಮಿಷನ್ನುಗಳನ್ನು ಗೋಡೆಗೆ ಸರಿಸಿ
ಒಂಬತ್ತು ಕುರ್ಚಿ ಹಾಕಿದ್ದಾರೆ.
ಫಿಲೋಮಿನಾ ಸಿಸ್ಟರ್ ಹೇಳುತ್ತಾರೆ:
ಮಾತಾಡಲೇಬೇಕು ಅಂತಿಲ್ಲ,
ಟೀ ಕುಡಿದು ಹೋದರೂ ಆಯಿತು.

ಹೋದ ತಿಂಗಳು ನಾನು ಟೀ ಕುಡಿದು ಹೋದೆ.

ಇವತ್ತು ಪಕ್ಕದಲ್ಲಿ ಹಾಲಸ್ವಾಮಿ,
ಸಾಗರ ರೂಟಿನ ಕಂಡಕ್ಟರ್.
'ಹಾಫ್ ಟಿಕೆಟ್ ಕೇಳಿದರೆ
ಬೆರಳು ಅಲ್ಲೇ ನಿಂತುಬಿಡುತ್ತೆ ಮೇಡಂ.
ಹಿಂದಿನ ಸೀಟಿನವರು ಕೂಗ್ತಾರೆ,
ಏನ್ರೀ, ನಿದ್ದೆನಾ ಅಂತ.'
ಯಾರೂ ಅಯ್ಯೋ ಅನ್ನಲಿಲ್ಲ.
ಷಾಹಿದಾ ಬಿಸ್ಕತ್ತಿನ ತಟ್ಟೆಯನ್ನು
ಅವರತ್ತ ತಳ್ಳಿದಳು.

ನನ್ನ ಸರದಿ.
ಶಾಲೆಯ ಪ್ರಾರ್ಥನೆಯ ಸಾಲು, ಎರಡನೆಯವಳು,
ಡಾಕ್ಟರು ಬರೆದುಕೊಟ್ಟ, ಇನ್ನೂ ಬಾಯಿಗೆ ಹತ್ತದ ಹೆಸರು,
ಇವೆಲ್ಲ ಹೇಳಬೇಕೆಂದೇ ಬಂದಿದ್ದೆ.
ಬಂದ ಮಾತು ಬೇರೆ:
'ನನ್ನ ಮಗಳು ಮೃದುಲಾ.
ಅವಳಿಗೆ ಗಣಿತ ಅಂದರೆ ಆಗಲ್ಲ.'

ಆಗಲ್ಲ.
ಮನೆಯಲ್ಲಾದರೆ ಅತ್ತೆ ಮೆಲ್ಲಗೆ ತಿದ್ದುತ್ತಾರೆ,
ಆಗ್ತಿರಲಿಲ್ಲ ಅನ್ನಮ್ಮ.
ಆಫೀಸಿನಲ್ಲಾದರೆ ಎಲ್ಲರಿಗೂ ಒಮ್ಮೆಲೇ
ಫೈಲಿನ ಕೆಲಸ.
ಇಲ್ಲಿ ಎಂಟು ತಲೆಗಳು ಸುಮ್ಮನೆ ಆಡಿದವು.
'ನಮ್ಮವನೂ ಅಷ್ಟೇ,' ಎಂದರು ಹಾಲಸ್ವಾಮಿ,
'ಎಂಟರ ಮಗ್ಗಿ ದಾಟೋದೇ ಇಲ್ಲ.'
ಯಾರೋ ನಕ್ಕರು. ನಾನೇ ಇರಬೇಕು.

ಕುರ್ಚಿ ಮಡಿಸಿಟ್ಟು ಇಳಿದರೆ
ಮೆಟ್ಟಿಲ ಬುಡದಲ್ಲಿ ಗಂಡ ಹೆಂಡತಿ,
ಚಪ್ಪಲಿ ಬಿಡಲೋ ಬೇಡವೋ ಎಂಬಂತೆ.
ಅವಳ ಕೈಯಲ್ಲಿ ಆಸ್ಪತ್ರೆಯವರು ಕೊಟ್ಟ ಚೀಟಿ,
ನನ್ನದೇ ಥರದ್ದು, ನಾಲ್ಕು ಮಡಿಕೆ.
'ಮುಗಿದುಹೋಯ್ತಾ?' ಎಂದಳು.

ಇಲ್ಲ, ಎಂದೆ. ಸಿಸ್ಟರ್ ಮೇಲಿದ್ದಾರೆ.
ಇನ್ನೇನೋ ಹೇಳಬೇಕಿತ್ತು.
ಟೀಗೆ ಸಕ್ಕರೆ ಜಾಸ್ತಿ, ಎಂದೆ.
ಅಷ್ಟೇ ಹೊಳೆದದ್ದು.